ದಿವಾನರೂ ದಿವಾನ್ ಕಾಟೂ ಒಂದೇನಾ?

ಪ್ರಶ್ನೆ: ಸರ್, ದಿವಾನ್ ಪೂರ್ಣಯ್ಯ ಅಂತೀವಿ, ಹಾಲಲ್ಲಿ ಗೋಡೆಗೆ ಹಾಕೋ ಮಂಚಕ್ಕೆ ದಿವಾನ್ ಕಾಟ್ ಅಂತೀವಿ, ಪರ್ಷಿಯನ್ ಕವಿ ಹಾಫಿಜ್‌ನ ಪದ್ಯಗಳ ಪುಸ್ತಕಕ್ಕೂ ದೀವಾನ್ ಅಂತಾರೆ. ಮೂರೂ ಒಂದೇ ಪದನಾ? ನಮ್ಮ ಲೆಕ್ಚರರ್ ಇದು ಅರೇಬಿಕ್ ಅಂದ್ರು, ಫ್ರೆಂಡ್ ಒಬ್ಬ ಅಲ್ಲಲ್ಲ ಪರ್ಷಿಯನ್ ಅಂತಾನೆ. ಯಾರು ಸರಿ?

ಉತ್ತರ: ಮೂರೂ ಒಂದೇ ಪದ. ನಿಮ್ಮ ಫ್ರೆಂಡ್ ಹೇಳಿದ್ದು ಸರಿ. ಆದ್ರೆ ಲೆಕ್ಚರರ್ ಹತ್ರ ಹೋಗಿ ನೀವು ತಪ್ಪು ಅಂತ ಹೇಳೋಕೆ ಮುಂಚೆ ಸ್ವಲ್ಪ ತಡೀರಿ, ಯಾಕಂದ್ರೆ ನಾನೂ ತುಂಬಾ ವರ್ಷ ಇದು ಅರೇಬಿಕ್ಕೇ ಅಂದ್ಕೊಂಡಿದ್ದೆ, ಹಾಗೆ ಅನ್ಕೊಳ್ಳೋಕೆ ಒಳ್ಳೇ ಕಾರಣಾನೂ ಇದೆ.

ಅರೇಬಿಕ್‌ನಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನದ ಒಂದು ಬೇರಿಂದ ಹುಟ್ಟುತ್ವೆ, ಆ ಮೂರು ಅಕ್ಷರಾನ ಬೇರೆ ಬೇರೆ ಅಚ್ಚಿಗೆ ಹಾಕಿದ್ರೆ ಬೇರೆ ಬೇರೆ ಪದ ಬರುತ್ತೆ. ಈಗ ಅರೇಬಿಕ್ ನಿಘಂಟು ತೆಗೆದು ನೋಡಿ, ದವ್ವನ ಅಂದ್ರೆ ಬರೆದಿಟ್ಟ, ದಾಖಲು ಮಾಡಿದ. ತದ್ವೀನ್ ಅಂದ್ರೆ ದಾಖಲು ಮಾಡೋ ಕೆಲಸ. ಮುದವ್ವನ ಅಂದ್ರೆ ಬರೆದಿಟ್ಟದ್ದು. ಇವುಗಳ ಪಕ್ಕದಲ್ಲೇ ದೀವಾನ್. ಇಷ್ಟು ದೊಡ್ಡ ಸಂಸಾರ ಕಣ್ಣಿಗೆ ಬಿದ್ಮೇಲೆ ಇದು ಹೊರಗಿಂದ ಬಂದದ್ದು ಅಂತ ಯಾರಿಗೆ ಅನ್ಸುತ್ತೆ ಹೇಳಿ. ಆದ್ರೆ ನಡೆದದ್ದು ಉಲ್ಟಾ. ಮೊದಲು ಬಂದದ್ದು ದೀವಾನ್, ಪರ್ಷಿಯನ್‌ನಿಂದ. ಅರಬರು ಆ ಪದಾನ ಒಡೆದು ಅದರೊಳಗೆ ಮೂರು ಅಕ್ಷರದ ಬೇರು ಹುಡುಕ್ಕೊಂಡು ಆಮೇಲೆ ಕ್ರಿಯಾಪದ ಮಾಡ್ಕೊಂಡ್ರು. ಮಗು ಹುಟ್ಟಿದ್ಮೇಲೆ ಅದಕ್ಕೆ ಅಜ್ಜ ಅಜ್ಜಿನ ಹುಡುಕಿ ತಂದ ಹಾಗೆ.

ಹಳೇ ಅರಬ್ ವ್ಯಾಕರಣದವರೂ ಸುಮ್ನೆ ಬಿಟ್ಟಿಲ್ಲ ಇದನ್ನ. ದೀವಾನ್ ಪದದ ಬಹುವಚನ ದವಾವೀನ್. ಎರಡು ವಕಾರ ಎಲ್ಲಿಂದ ಬಂತು? ಹಾಗಾದ್ರೆ ಮೂಲರೂಪ ದಿವ್ವಾನ್ ಇದ್ದಿರಬೇಕು, ಒತ್ತಕ್ಷರದ ಮೊದಲ ವಕಾರ ಕರಗಿ ಹಿಂದಿನ ಇಕಾರ ದೀರ್ಘ ಆಗಿರಬೇಕು ಅಂತ ತರ್ಕ ಮಾಡಿದ್ರು. ಇದಕ್ಕೆ ಅವರು ಕೊಡೋ ಜೋಡಿ ಉದಾಹರಣೆ ದೀನಾರ್, ಅದರ ಬಹುವಚನ ದನಾನೀರ್, ಅಲ್ಲೂ ಹೀಗೇ ಎರಡು ನಕಾರ. ತಮಾಷೆ ಅಂದ್ರೆ ದೀನಾರ್ ಕೂಡ ಹೊರಗಿನ ಪದಾನೇ, ರೋಮನ್ನರ ದೆನಾರಿಯುಸ್ ನಾಣ್ಯದಿಂದ ಬಂದದ್ದು. ಅಂದ್ರೆ ಒಬ್ಬ ನೆಂಟನ ಗುರುತಿಗೆ ಇನ್ನೊಬ್ಬ ನೆಂಟನ ಸಾಕ್ಷಿ.

ಇನ್ನು ಪರ್ಷಿಯನ್ ಕಡೆ. ಇಸ್ಲಾಂಗಿಂತ ಮುಂಚೆ, ಸಸಾನಿಯನ್ ರಾಜರ ಕಾಲದ ನಡು ಪರ್ಷಿಯನ್‌ನಲ್ಲೇ ಈ ಪದ ಇತ್ತು, ದಾಖಲೆ ಇಡೋ ಜಾಗ, ದಾಖಲೆಗಳ ಕಟ್ಟು ಅನ್ನೋ ಅರ್ಥದಲ್ಲಿ. ಅದರ ಒಳಗೆ ಕೂತಿರೋದು ಹಳೇ ಪರ್ಷಿಯನ್‌ನ ದಿಪಿ ಅನ್ನೋ ಪದ. ದಿಪಿ ಅಂದ್ರೆ ಬರಹ, ಶಾಸನ. ಇರಾನಿನ ಬೆಹಿಸ್ತೂನ್ ಬಂಡೆ ಮೇಲೆ ಕ್ರಿ.ಪೂ. 520ರ ಸುಮಾರಿಗೆ ದೊರೆ ಡೇರಿಯಸ್ ಕೆತ್ತಿಸಿದ ದೊಡ್ಡ ಶಾಸನದಲ್ಲಿ, ಈ ಶಾಸನ ಅಂತ ಅವನು ಹೇಳೋ ಕಡೆ ಬರೋದು ಇದೇ ಪದ. ದಿಪಿಗಳ ಮನೆ ಅನ್ನೋ ಅರ್ಥದ ಒಂದು ಹಳೇ ಸಮಾಸ ಸವೆದು ಸವೆದು ದೀವಾನ್ ಆಯ್ತು ಅನ್ನೋದು ಭಾಷಾ ವಿದ್ವಾಂಸರ ವಿವರಣೆ. ದಿಪಿ ಬರೆಯೋನು ದಬೀರ. ಇವತ್ತಿಗೂ ಇರಾನಲ್ಲಿ ಹೈಸ್ಕೂಲ್ ಮೇಷ್ಟ್ರನ್ನ ದಬೀರ್ ಅಂತಾರೆ, ಹೈಸ್ಕೂಲ್‌ಗೆ ದಬೀರೆಸ್ತಾನ್ ಅಂತಾರೆ.

ಅಲ್ಲಿಗೇ ನಿಲ್ಲಲ್ಲ ಮತ್ತೆ. ದಿಪಿ ಕೂಡ ಪರ್ಷಿಯನ್ನರ ಸ್ವಂತದ್ದಲ್ಲ. ಪಕ್ಕದ ಎಲಾಮ್ ನಾಡಿನ ತುಪ್ಪಿಯಿಂದ ಬಂತು, ಅದು ಈಗಿನ ಇರಾಕ್ ಕಡೆಯ ಹಳೇ ಭಾಷೆ ಅಕ್ಕಾಡಿಯನ್‌ನ ತುಪ್ಪುವಿನಿಂದ, ಅದು ಅಲ್ಲಿನದೇ ಇನ್ನೂ ಹಳೇ ಭಾಷೆ ಸುಮೇರಿಯನ್‌ನ ದುಬ್‌ನಿಂದ. ದುಬ್ ಅಂದ್ರೆ ಹಸಿ ಮಣ್ಣಿನ ಹಲಗೆ. ಅಂಗೈ ಅಗಲದ ಒದ್ದೆ ಜೇಡಿಯನ್ನ ತಟ್ಟಿ, ಜೊಂಡಿನ ತುದಿಯಿಂದ ಮೊಳೆ ಮೊಳೆಯಾಗಿ ಒತ್ತಿ, ಇಂತಿಂಥವನಿಂದ ಇಷ್ಟು ಕುರಿ ಇಷ್ಟು ಬಾರ್ಲಿ ಬಂತು ಅಂತ ಬರೆದು ಒಣಗಿಸಿ ಇಡ್ತಿದ್ರಲ್ಲ, ಅದು. ಸುಮೇರಿಯನ್ನರು ಶಾಲೆಗೆ ಕೊಟ್ಟ ಹೆಸರು ಎದುಬ್ಬಾ, ಅಂದ್ರೆ ಹಲಗೆಗಳ ಮನೆ. ನೋಡಿ, ಅವರದ್ದು ಹಲಗೆಗಳ ಮನೆ, ಇವರದ್ದು ದಿಪಿಗಳ ಮನೆ, ನಡುವೆ ಸಾವಿರಾರು ವರ್ಷ, ಮೂರು ನಾಲ್ಕು ಭಾಷೆ, ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ರಕ್ತಸಂಬಂಧ ಕೂಡ ಇಲ್ಲ.

ಈಗ ಅರಬರ ಕೈಗೆ ಹೇಗೆ ಬಂತು ಅನ್ನೋದು. ಇದಕ್ಕೆ ಒಂಬತ್ತನೇ ಶತಮಾನದ ಇತಿಹಾಸಕಾರ ಬಲಾದುರಿ ಹೇಳೋ ಕತೆ ನನಗೆ ಬಹಳ ಇಷ್ಟ. ಎರಡನೇ ಖಲೀಫ ಉಮರ್ ಕಾಲ, ಬಹ್ರೈನ್ ಕಡೆಯಿಂದ ಅಬೂ ಹುರೈರಾ ಅನ್ನೋರು ಹಣ ತಂದ್ರು. ಎಷ್ಟು ತಂದೆ ಅಂದ್ರೆ ಐದು ಲಕ್ಷ ದಿರ್ಹಮ್ ಅಂದ್ರು. ಉಮರ್ ನಂಬಲಿಲ್ಲ, ಏನು ಹೇಳ್ತಿದ್ದೀಯ ಗೊತ್ತಾ ನಿಂಗೆ ಅಂದ್ರು. ಇವರು ಒಂದು ಲಕ್ಷ, ಇನ್ನೊಂದು ಲಕ್ಷ ಅಂತ ಐದು ಸಲ ಎಣಿಸಿ ತೋರಿಸಿದ್ರು. ನಿಂಗೆ ನಿದ್ದೆಗಣ್ಣು, ಮನೆಗೆ ಹೋಗಿ ಮಲಗು, ಬೆಳಿಗ್ಗೆ ಬಾ ಅಂತ ಕಳಿಸಿದ್ರಂತೆ! ಬೆಳಿಗ್ಗೆನೂ ಅದೇ ಲೆಕ್ಕ. ಅಷ್ಟು ಹಣ ಹಂಚೋದು ಹೇಗೆ ಅಂತ ಯೋಚನೆ ಹತ್ತಿದಾಗ ಯಾರೋ ಒಬ್ರು, ಈ ಪರ್ಷಿಯನ್ನರು ದೀವಾನ್ ಅಂತ ಒಂದು ಇಟ್ಕೊಂಡಿರ್ತಾರೆ, ನೋಡಿದ್ದೀನಿ ಅಂದ್ರು. ಹಾಗೆ ಯಾರ್ ಯಾರಿಗೆ ಎಷ್ಟೆಷ್ಟು ಅನ್ನೋ ಪಟ್ಟಿ ಶುರುವಾಯ್ತು, ಸಾಮಾನ್ಯವಾಗಿ ಇದಕ್ಕೆ ಹೇಳೋ ವರ್ಷ ಹಿಜರಿ 20, ಅಂದ್ರೆ ಕ್ರಿ.ಶ. 641. ಪ್ರವಾದಿಗೆ ಹತ್ತಿರದ ಬಂಧುಗಳ ಹೆಸರು ಮೇಲೆ, ಮೊದಮೊದಲು ಇಸ್ಲಾಂಗೆ ಬಂದವರಿಗೆ ಜಾಸ್ತಿ. ಪ್ರವಾದಿಯ ಪತ್ನಿ ಆಯಿಷಾಗೆ ವರ್ಷಕ್ಕೆ 12,000 ದಿರ್ಹಮ್, ಬದ್ರ್ ಯುದ್ಧದಲ್ಲಿ ಕಾದಾಡಿದವರಿಗೆ 5,000. ಅಲ್ಲಿಗೆ ಅರೇಬಿಕ್‌ನಲ್ಲಿ ದೀವಾನ್ ಅಂದ್ರೆ ಮೊದಲು ಈ ಪಟ್ಟಿ, ಆಮೇಲೆ ಪಟ್ಟಿ ಇರೋ ಕಚೇರಿ, ಆಮೇಲೆ ಯಾವ ಸರ್ಕಾರಿ ಇಲಾಖೆ ಆದ್ರೂ ಸರಿ, ದೀವಾನ್.

ಪದ ಮಾತ್ರ ಬಂದದ್ದಲ್ಲ, ಗುಮಾಸ್ತರೂ ಬಂದ್ರು. ಇರಾಕ್‌ನಲ್ಲಿ ಕಂದಾಯದ ಲೆಕ್ಕ ಐವತ್ತು ವರ್ಷದ ಮೇಲೂ ಪರ್ಷಿಯನ್‌ನಲ್ಲೇ ನಡೀತಿತ್ತು, ಸಿರಿಯಾದಲ್ಲಿ ಗ್ರೀಕ್‌ನಲ್ಲಿ. 697ರ ಸುಮಾರಿಗೆ ಗವರ್ನರ್ ಹಜ್ಜಾಜ್ ಎಲ್ಲಾ ಅರೇಬಿಕ್‌ಗೆ ಬದಲಾಯಿಸಿ ಅಂದ. ಆ ಕೆಲಸ ವಹಿಸಿಕೊಂಡ ಸಾಲಿಹ್ ಅನ್ನೋನಿಗೆ ಪರ್ಷಿಯನ್ ಗುಮಾಸ್ತರು, ನನ್ನ ಕೈಲಿ ಆಗಲ್ಲ ಅಂತ ಹೇಳಿಬಿಡು, ಒಂದು ಲಕ್ಷ ದಿರ್ಹಮ್ ಕೊಡ್ತೀವಿ ಅಂದ್ರಂತೆ. ಅವನು ಒಪ್ಪಲಿಲ್ಲ. ನೀನು ಪರ್ಷಿಯನ್ ಭಾಷೆಯ ಬೇರು ಕಡಿದೆ, ದೇವರು ನಿನ್ನ ಬೇರು ಕಡೀಲಿ ಅಂತ ಅವರಲ್ಲೊಬ್ಬ ಶಾಪ ಹಾಕಿದ. ಸಿರಿಯಾದ್ದು ಇನ್ನೂ ಚೆನ್ನಾಗಿದೆ, ಅಲ್ಲೊಬ್ಬ ಗ್ರೀಕ್ ಗುಮಾಸ್ತ ಮಸಿಗೆ ನೀರು ಸಿಗದೆ ಮಸಿಕುಡಿಕೆಗೇ ಉಚ್ಚೆ ಹೊಯ್ದ ಅಂತ ಸಿಟ್ಟಾಗಿ ಖಲೀಫ ಅಬ್ದುಲ್ ಮಲಿಕ್ ಲೆಕ್ಕದ ಭಾಷೆನೇ ಬದಲಾಯಿಸಿದ ಅಂತ ಬಲಾದುರಿ ಬರೀತಾನೆ. ನಿಜಾನೋ ಸುಳ್ಳೋ, ಆಫೀಸಲ್ಲಿ ಕೆಲಸ ಮಾಡಿದವರು ಯಾರಾದ್ರೂ ಇಂಥದ್ದನ್ನ ಪೂರ್ತಿ ಸುಳ್ಳು ಅನ್ನಲಾರರು. ಲೆಕ್ಕ ಅರೇಬಿಕ್‌ಗೆ ಬಂತು, ಗುಮಾಸ್ತರು ಬದಲಾದ್ರು, ಆದ್ರೆ ಆ ಕಚೇರಿಯ ಹೆಸರು ಮಾತ್ರ ಪರ್ಷಿಯನ್ ದೀವಾನೇ ಉಳೀತು.

ಅದೇ ಅರೇಬಿಕ್ ತದ್ವೀನ್ ಆಮೇಲೆ ವಾಪಸ್ ಪರ್ಷಿಯನ್‌ಗೆ ಹೋಯ್ತು, ತವರಿಗೆ ಬಂದ ಮೊಮ್ಮಗಳ ಹಾಗೆ. ಇವತ್ತು ಇರಾನಿ ಸಿನಿಮಾದ ಟೈಟಲ್ ಕಾರ್ಡ್‌ನಲ್ಲಿ ತದ್ವೀನ್ ಅಂತ ಬಂದ್ರೆ ಎಡಿಟಿಂಗ್ ಅಂತ ಅರ್ಥ. ಮುದವ್ವನ ಅರೇಬಿಕ್‌ನಲ್ಲೇ ಉಳ್ಕೊಂಡು ಮೊರಾಕೋದಲ್ಲಿ ಕುಟುಂಬ ಕಾನೂನಿನ ಹೆಸರಾಯ್ತು, 2004ರಲ್ಲಿ ಅದನ್ನ ತಿದ್ದಿದಾಗ ಅಲ್ಲಿ ದೊಡ್ಡ ಚರ್ಚೆ ಆಗಿತ್ತು. ಈಗಿನ ಅರಬ್ ಹುಡುಗ್ರಿಗೆ ಮುದವ್ವನ ಅಂದ್ರೆ ಬ್ಲಾಗ್.

ಪ್ರಶ್ನೆ: ಸರಿ ಸರ್, ಕಚೇರಿ ಅಂತ ಒಪ್ಕೊಂಡೆ. ಕಚೇರಿ ಹೇಗೆ ಪದ್ಯದ ಪುಸ್ತಕ ಆಯ್ತು, ಮಂಚ ಹೇಗೆ ಆಯ್ತು?

ಉತ್ತರ: ಒಂದು ಪದ ಹೀಗೆಲ್ಲಾ ಓಡಾಡುತ್ತಾ ಅಂತ ಡೌಟ್ ಬಂದ್ರೆ ನಿಮ್ಮ ಪ್ರಶ್ನೆಯ ಮೊದಲ ಸಾಲಲ್ಲೇ ಇರೋ ಕಚೇರಿನ ನೋಡಿ. ತಾಲ್ಲೂಕು ಕಚೇರಿಲಿ ಪಹಣಿ ಸಿಗುತ್ತೆ, ಸಂಗೀತ ಕಚೇರಿಲಿ ತೋಡಿ ರಾಗ ಸಿಗುತ್ತೆ. ಎರಡೂ ಒಂದೇ ಪದ, ನಾವು ಯಾರೂ ಗಾಬರಿ ಆಗಿಲ್ಲ.

ಪದ್ಯದ ಪುಸ್ತಕ ಆಗಿದ್ದು ಪಟ್ಟಿ ಅನ್ನೋ ಹಳೇ ಅರ್ಥದಿಂದ. ಕಾವ್ಯ ಅರಬರ ದೀವಾನ್ ಅಂತ ಅರೇಬಿಕ್‌ನಲ್ಲಿ ಹಳೇ ಮಾತೊಂದಿದೆ, ಅಂದ್ರೆ ವಂಶ, ಜಗಳ, ಯುದ್ಧ ಎಲ್ಲಾ ದಾಖಲಾಗಿರೋದು ಪದ್ಯದಲ್ಲೇ, ಅದೇ ಅವರ ಕಡತ ಅಂತ. ಮುಂದೆ ಒಬ್ಬ ಕವಿಯ ಎಲ್ಲಾ ಪದ್ಯ ಸೇರಿಸಿದ್ರೆ ಅದು ಅವನ ದೀವಾನ್. ಪರ್ಷಿಯನ್ ದೀವಾನ್‌ಗಳಲ್ಲಿ ಗಜಲುಗಳನ್ನ ಜೋಡಿಸೋ ಕ್ರಮ ನೋಡಿದ್ರೆ ರಿಜಿಸ್ಟರ್ ವಾಸನೆ ಇನ್ನೂ ಹೋಗಿಲ್ಲ ಅನ್ಸುತ್ತೆ. ಯಾವಾಗ ಬರೆದದ್ದು, ಯಾವ ವಿಷಯದ್ದು ಅಂತ ಅಲ್ಲ, ಸಾಲಿನ ಕೊನೆಯ ಪ್ರಾಸದಲ್ಲಿ ಯಾವ ಅಕ್ಷರ ಬರುತ್ತೋ ಆ ಅಕ್ಷರಮಾಲೆ ಪ್ರಕಾರ! ಅಲಿಫ್‌ನಲ್ಲಿ ಮುಗಿಯೋವು ಮೊದಲು, ಆಮೇಲೆ ಬೇ, ಹೀಗೆ. ವಿರಹದ ಪದ್ಯದ ಪಕ್ಕ ಮದ್ಯದ ಪದ್ಯ ಬಂದ್ರೂ ಚಿಂತೆ ಇಲ್ಲ, ಅಕ್ಷರ ಕೂಡಿದ್ರೆ ಸಾಕು. ಹದಿನಾಲ್ಕನೇ ಶತಮಾನದ ಶಿರಾಜ್ ಊರಿನ ಹಾಫಿಜ್‌ನ ದೀವಾನ್ ಶುರುವಾಗೋ ಗಜಲಿನ ಮೊದಲ ಸಾಲು ಪೂರ್ತಿ ಅರೇಬಿಕ್, ಎರಡನೇ ಸಾಲು ಪರ್ಷಿಯನ್. ನಿಮ್ಮ ಲೆಕ್ಚರರ್ ಮತ್ತು ಫ್ರೆಂಡ್ ಇಬ್ಬರಿಗೂ ಒಂದೊಂದು ಸಾಲು. ಇರಾನಲ್ಲಿ ಚಳಿಗಾಲದ ಅತೀ ದೀರ್ಘ ರಾತ್ರಿ ಯಲ್ದಾ ದಿನ ಮನೆಯವರೆಲ್ಲಾ ಕೂತು ಮನಸಲ್ಲೊಂದು ಪ್ರಶ್ನೆ ಇಟ್ಕೊಂಡು ಆ ದೀವಾನ್‌ನ ಕಣ್ಣು ಮುಚ್ಚಿ ತೆಗೆದು, ಬಂದ ಗಜಲನ್ನ ಶಕುನ ಅಂತ ಓದ್ತಾರೆ. ಜರ್ಮನಿಯ ಗಯಟೆ ಹಾಫಿಜ್‌ನ ಅನುವಾದ ಓದಿ ತಲೆದೂಗಿ 1819ರಲ್ಲಿ ತನ್ನ ಸಂಕಲನಕ್ಕೂ ದೀವಾನ್ ಅಂತಾನೇ ಹೆಸರಿಟ್ಟ.

ಮಂಚದ ದಾರಿ ಬೇರೆ, ಅದು ತುರ್ಕಿ ಮೂಲಕ. ಒಟ್ಟೋಮನ್ ಸುಲ್ತಾನರ ಮಂತ್ರಿಮಂಡಲದ ಹೆಸರು ದೀವಾನ್. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಆ ಸಭೆ ನಡೀತಿದ್ದ ಗುಮ್ಮಟದ ಕೋಣೆ ಈಗಲೂ ಇದೆ. ಗೋಡೆ ಉದ್ದಕ್ಕೂ ತಗ್ಗಾದ ಮೆತ್ತೆ ಹಾಸಿದ ಜಗಲಿ ಥರದ್ದು, ವಜೀರರು ಅದರ ಮೇಲೆ ಕೂತು ವಾದ ಮಾಡೋರು, ಸುಲ್ತಾನ ಬೇಕಂದ್ರೆ ಮೇಲೆ ಜಾಲರಿ ಕಿಟಕಿ ಹಿಂದೆ ಕೂತು ಕೇಳಿಸ್ಕೊಳ್ಳೋನು, ಇದ್ದಾನೋ ಇಲ್ವೋ ಕೆಳಗಿದ್ದವರಿಗೆ ಗೊತ್ತಾಗ್ತಿರಲಿಲ್ಲ. ಸಭೆಯ ಹೆಸರು ಕೂರೋ ಜಾಗಕ್ಕೆ ಅಂಟಿತು, ಯುರೋಪಿನವರು ಬೆನ್ನಿಲ್ಲದ ಆ ಮೆತ್ತೆಯ ಆಸನಕ್ಕೆ ದಿವಾನ್ ಅಂದ್ರು, ಅದು ಫರ್ನಿಚರ್ ಆಗಿ ನಮ್ಮ ಹಾಲಿಗೆ ಬಂತು. ನಮ್ಮಲ್ಲಿ ಪೀಠ ಅನ್ನೋ ಪದ ಇದರ ಉಲ್ಟಾ ನಡೆದಿದೆ, ಮೊದಲು ಕೂರೋ ಮಣೆ, ಈಗ ನ್ಯಾಯಪೀಠ.

ಯುರೋಪಿಗೆ ಇನ್ನೊಂದು ದಾರೀಲೂ ಹೋಯ್ತು. ಬಂದರಿನಲ್ಲಿ ಸುಂಕ ವಸೂಲಿ ಮಾಡೋ ಅರಬ್ ಕಚೇರಿ ದೀವಾನ್. ಅದರಿಂದ ಇಟಲಿಯ ದೊಗಾನಾ, ಸ್ಪೇನಿನ ಅದುವಾನಾ, ಫ್ರಾನ್ಸಿನ ದುವಾನ್, ಎಲ್ಲಾ ಕಸ್ಟಮ್ಸ್ ಅನ್ನೋ ಅರ್ಥ. ಟುನೀಸಿಯಾದಲ್ಲಿ ಈಗಲೂ ಕಸ್ಟಮ್ಸ್ ಇಲಾಖೆಗೆ ದೀವಾನಾ ಅಂತಾನೇ ಬೋರ್ಡು. ಆದ್ರೆ ಇರಾನಲ್ಲಿ ಕಸ್ಟಮ್ಸ್‌ಗೆ ಗುಮ್ರುಕ್, ಬಹಳಷ್ಟು ಅರಬ್ ದೇಶಗಳಲ್ಲಿ ಜುಮ್ರುಕ್, ಇದು ತುರ್ಕಿಯಿಂದ, ಅದಕ್ಕೆ ಗ್ರೀಕ್‌ನಿಂದ, ಗ್ರೀಕ್‌ಗೆ ಲ್ಯಾಟಿನ್‌ನ ವ್ಯಾಪಾರ ಅನ್ನೋ ಪದದಿಂದ ಬಂದದ್ದು. ಅವರ ಪದ ಇವರು ತಗೊಂಡ್ರು, ಇವರದ್ದು ಅವರು ತಗೊಂಡ್ರು, ಸುಂಕ ಕಟ್ಟೋದು ಮಾತ್ರ ಯಾರಿಗೂ ತಪ್ಪಲಿಲ್ಲ.

ಪ್ರಶ್ನೆ: ದೀವಾನ್ ಕಚೇರಿ ಆದ್ರೆ ಮೈಸೂರಿನ ದಿವಾನರು ಮನುಷ್ಯರಲ್ವಾ? ಕಚೇರಿ ಹೇಗೆ ಮನುಷ್ಯ ಆಯ್ತು?

ಉತ್ತರ: ಚೆನ್ನಾಗಿ ಕೇಳಿದ್ರಿ. ಇರಾನಲ್ಲೂ ಅರಬರಲ್ಲೂ ಇವತ್ತಿಗೂ ದೀವಾನ್ ಅಂದ್ರೆ ಸಂಸ್ಥೆ. ಇರಾನಿನ ಸುಪ್ರೀಂ ಕೋರ್ಟ್ ಹೆಸರಲ್ಲಿ ದೀವಾನ್ ಇದೆ, ಸೌದಿ ಅರೇಬಿಯಾದಲ್ಲಿ ಸರ್ಕಾರದ ಮೇಲಿನ ದೂರು ಕೇಳೋ ನ್ಯಾಯಾಲಯ ದೀವಾನ್ ಅಲ್ ಮಜಾಲಿಮ್, ಅಂದ್ರೆ ಅನ್ಯಾಯಗಳ ಕಚೇರಿ. ಕುವೈತ್‌ನಲ್ಲಿ ಗಂಡಸರು ಸಂಜೆ ಸೇರಿ ಹರಟೋ ಮನೆಯ ಕೋಣೆ ದೀವಾನಿಯ್ಯಾ, 2024ರಲ್ಲಿ ಅಲ್ಲಿನ ಸಂಸತ್ತನ್ನ ಅಮಾನತು ಮಾಡೋವರೆಗೂ ಎಲೆಕ್ಷನ್ ಪ್ರಚಾರ ಅರ್ಧ ಅಲ್ಲೇ ಮುಗೀತಿತ್ತು. ಪರ್ಷಿಯನ್‌ನಲ್ಲಿ ಕಡತ ಓಡಿಸೋ ಆಡಳಿತಕ್ಕೆ, ಬ್ಯೂರೋಕ್ರಸಿ ಅಂತೀವಲ್ಲ, ಅದಕ್ಕೆ ದೀವಾನ್‌ಸಾಲಾರಿ ಅಂತಾರೆ.

ಪದ ಮನುಷ್ಯನಿಗೆ ಅಂಟಿದ್ದು ಮುಖ್ಯವಾಗಿ ಮೊಘಲರ ಭಾರತದಲ್ಲಿ. ಪ್ರಾಂತ್ಯದಲ್ಲಿ ಸೈನ್ಯ ಪೊಲೀಸು ನೋಡೋಕೆ ಒಬ್ಬ, ಕಂದಾಯ ನೋಡೋಕೆ ಒಬ್ಬ, ಈ ಎರಡನೆಯವನೇ ದಿವಾನ. ಮೇಲಿನ ಆಫೀಸರನ್ನ ಆಫೀಸ್ ಹೆಸರಿಂದಲೇ ಕರೆಯೋದು ಹೊಸದೇನಲ್ಲ, ಅರಮನೆಯಿಂದ ಆಜ್ಞೆ ಬಂತು ಅಂದ್ರೆ ಗೋಡೆ ಮಾತಾಡ್ತು ಅಂತ ಯಾರೂ ತಿಳ್ಕೊಳಲ್ಲ ತಾನೆ. 1765ರ ಆಗಸ್ಟ್ 12ರಂದು ಬಾದಶಹ ಎರಡನೇ ಷಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನ, ಅಂದ್ರೆ ಕಂದಾಯ ಎತ್ತೋ ಹಕ್ಕನ್ನ, ವರ್ಷಕ್ಕೆ 26 ಲಕ್ಷ ರೂಪಾಯಿ ಕೊಡೋ ಕರಾರಿನ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಬರ್ಕೊಟ್ಟ. ನನ್ನ ಕೇಳಿದ್ರೆ ಈ ಪದದ ಇಡೀ ಇತಿಹಾಸದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡದು ಕೈಬದಲಾಗಿದ್ದು ಇನ್ನೆಲ್ಲೂ ಇಲ್ಲ. ದಿವಾನನ ಕೈಲಿ ಕಂದಾಯದ ಜೊತೆ ಆಸ್ತಿ ವ್ಯಾಜ್ಯಾನೂ ಇದ್ದದ್ದರಿಂದ ಸಿವಿಲ್ ಕೋರ್ಟ್ ದಿವಾನಿ ಅದಾಲತ್ ಆಯ್ತು, ಕ್ರಿಮಿನಲ್ ಕಡೆ ಫೌಜುದಾರಿ ಆಯ್ತು. ಮೈಸೂರಲ್ಲಿ 1799ರಿಂದ ಪೂರ್ಣಯ್ಯ, ಮುಂದೆ 1912ರಿಂದ 1918ರವರೆಗೆ ವಿಶ್ವೇಶ್ವರಯ್ಯ ಇವರ ಕಾಲಕ್ಕೆ ದಿವಾನ ಅಂದ್ರೆ ಬರೀ ಕಂದಾಯ ಅಲ್ಲ, ಇಡೀ ರಾಜ್ಯ ನಡೆಸೋ ಮುಖ್ಯಮಂತ್ರಿ ಥರ.

ಪ್ರಶ್ನೆ: ಹಿಂದಿ ಹಾಡುಗಳಲ್ಲಿ ಬರೋ ದೀವಾನಾ ಇದೇನಾ? ದಿವಾಳಿ ಎದ್ದ ಅಂತೀವಲ್ಲ, ಅದು?

ಉತ್ತರ: ದಿವಾಳಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ದೀವಾನಾಗೂ ಇಲ್ಲ, ಆದ್ರೆ ಇದೆ ಅಂತ ಜನ ನೂರಾರು ವರ್ಷದಿಂದ ನಂಬಿದ್ದಾರೆ. 1377ರಲ್ಲಿ ಬರೆದ ಮುಕದ್ದಿಮಾ ಅನ್ನೋ ಪುಸ್ತಕದಲ್ಲಿ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಒಂದು ಕತೆ ಕೊಡ್ತಾನೆ: ಪರ್ಷಿಯಾದ ದೊರೆ ಒಂದಿನ ತನ್ನ ಗುಮಾಸ್ತರ ಹತ್ರ ಹೋದ, ಅವರೆಲ್ಲಾ ತಲೆ ಬಗ್ಗಿಸಿ ತಮ್ಮಷ್ಟಕ್ಕೆ ತಾವೇ ಗೊಣಗುತ್ತಾ ಲೆಕ್ಕ ಹಾಕ್ತಿದ್ರು, ಇವನು ನೋಡಿ ದೀವಾನಾ ಅಂದ, ಅಂದ್ರೆ ಹುಚ್ಚರು, ಅದೇ ಹೆಸರು ಆ ಜಾಗಕ್ಕೆ ನಿಂತಿತು ಅಂತ. ಮಾರ್ಚ್ ತಿಂಗಳ ಕೊನೇ ವಾರ ಯಾವುದಾದ್ರೂ ಅಕೌಂಟ್ಸ್ ಸೆಕ್ಷನ್‌ಗೆ ಹೋದವರು ಇದನ್ನ ತಕ್ಷಣ ನಂಬ್ತಾರೆ. ಆದ್ರೆ ಅದು ಕಟ್ಟುಕತೆ. ದೀವಾನಾ ಹುಟ್ಟಿದ್ದು ಪರ್ಷಿಯನ್‌ನ ದೀವ್‌ನಿಂದ, ದೀವ್ ಅಂದ್ರೆ ದೆವ್ವ, ದೆವ್ವ ಹಿಡಿದವನಂತೆ ಆಡೋನು ದೀವಾನಾ. ಮತ್ತೆ ಈ ದೀವ್ ಬೇರೆ ಯಾರೂ ಅಲ್ಲ, ನಮ್ಮ ದೇವನ ದಾಯಾದಿ, ಒಂದೇ ಹಳೇ ಪದ ಇಲ್ಲಿ ದೇವರಾಯ್ತು, ಜರತುಷ್ಟ್ರನ ಧರ್ಮದಲ್ಲಿ ದೆವ್ವ ಆಯ್ತು. ನಮ್ಮ ದೆವ್ವ ಅನ್ನೋ ಪದಾನೂ ಅಲ್ಲೇ ಸುತ್ತಾಡ್ತಿರೋದು.

ಪ್ರಶ್ನೆ: ಕನ್ನಡದಲ್ಲಿ ನಾವು ದಿನಾ ಬಳಸೋ ಪದ ಯಾವುದಾದ್ರೂ ಈ ದೀವಾನ್‌ಗೆ ಸಂಬಂಧ ಇದ್ಯಾ, ಸಾಬರ ಕಾಲದಲ್ಲಿ ಬಂದದ್ದು ಬಿಟ್ಟು?

ಉತ್ತರ: ಇದೆ, ಲಿಪಿ. ಕನ್ನಡ ಲಿಪಿ ಅಂತೀವಲ್ಲ, ಅದೇ. ಸಂಸ್ಕೃತ ಪಂಡಿತರು ಇದನ್ನ ಬಳಿ, ಲೇಪಿಸು ಅನ್ನೋ ಅರ್ಥದ ಧಾತುವಿನಿಂದ ತರ್ತಾರೆ, ಕೇಳೋಕೂ ಸರಿ ಅನ್ಸುತ್ತೆ. ಆದ್ರೆ ಹೆಚ್ಚಿನ ಭಾಷಾ ವಿದ್ವಾಂಸರು ಒಪ್ಪೋದು ಡೇರಿಯಸ್‌ನ ಆ ದಿಪಿಯನ್ನೇ. ಸಾಕ್ಷಿ ಅಶೋಕನ ಬಂಡೆಗಳಲ್ಲಿದೆ. ಒಳನಾಡಿನ ಬಂಡೆಗಳಲ್ಲಿ ಧಂಮಲಿಪಿ ಅಂತ ಕೆತ್ತಿದ್ರೆ, ಇರಾನಿನ ಆಳ್ವಿಕೆ ಹಿಂದೆ ಇದ್ದ ವಾಯವ್ಯ ಗಡಿಯ ಶಾಹ್‌ಬಾಜ್‌ಗಢಿಯಲ್ಲಿ, ಈಗ ಪಾಕಿಸ್ತಾನದಲ್ಲಿದೆ, ದಿಪಿ ಅಂತಾನೇ ಇದೆ, ದಕಾರದಲ್ಲೇ. ಬರೆದದ್ದು ಅನ್ನೋಕೆ ಲಿಖಿತ ಬದಲು ಅಲ್ಲಿ ನಿಪಿಸ್ತ ಅಂತಿದೆ, ಅದೂ ಪರ್ಷಿಯನ್ನೇ, ಈಗಿನ ಇರಾನಿಯರ ನವಿಶ್ತೆ ಅದೇ.

ಇನ್ನೊಂದು ಸಾಕ್ಷಿ ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ಇದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅದು. ಪೂರ್ತಿ ಬ್ರಾಹ್ಮಿ ಲಿಪಿ, ಎಡದಿಂದ ಬಲಕ್ಕೆ. ಕೊನೆಗೆ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಬರೆದದ್ದು ಅಂತ, ಅದೂ ಬ್ರಾಹ್ಮಿಯಲ್ಲೇ. ಆಮೇಲೆ ತನ್ನ ಕಸುಬಿನ ಹೆಸರು ಬರುತ್ತೆ, ಲಿಪಿಕರೇಣ, ಲಿಪಿಕಾರನಿಂದ ಅಂತ. ಆ ಒಂದು ಪದಕ್ಕೆ ಮಾತ್ರ ಅವನು ಆ ವಾಯವ್ಯ ಗಡಿಯ ಖರೋಷ್ಠಿ ಲಿಪಿಗೆ ಹೊರಳಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ.